ರೀಮೇಕ್ ಬಂದಾಗ ಹಳೆಯ ಗೇಮ್ ಎಲ್ಲಿಗೆ ಹೋಗುತ್ತದೆ?

2020ರ ಜನವರಿ 28ರಂದು ಬ್ಲಿಜಾರ್ಡ್ ಕಂಪನಿ ‘ವಾರ್‌ಕ್ರಾಫ್ಟ್ 3: ರಿಫೋರ್ಜ್ಡ್’ ಬಿಡುಗಡೆ ಮಾಡಿತು. 2002ರ ‘ವಾರ್‌ಕ್ರಾಫ್ಟ್ 3’ ಎಂಬ, ಸೈನ್ಯ ಕಟ್ಟಿ ಯುದ್ಧ ಮಾಡುವ ಸ್ಟ್ರಾಟಜಿ ಗೇಮನ್ನು ಹೊಸ ಚಿತ್ರ, ಹೊಸ ಕಥಾದೃಶ್ಯಗಳೊಂದಿಗೆ ಮರಳಿ ಕಟ್ಟುತ್ತೇವೆ ಎಂದು ಅದು 2018ರ ನವೆಂಬರ್‌ನಲ್ಲೇ ಮಾತು ಕೊಟ್ಟಿತ್ತು. ಬಿಡುಗಡೆಯಾಗಿ ಕೆಲವೇ ದಿನಗಳಲ್ಲಿ ವಿಮರ್ಶೆ, ಅಂಕಗಳನ್ನು ಒಟ್ಟುಗೂಡಿಸುವ ಮೆಟಾಕ್ರಿಟಿಕ್ ತಾಣದಲ್ಲಿ ಆಟಗಾರರು ಕೊಟ್ಟ ಸರಾಸರಿ ಅಂಕ ಹತ್ತಕ್ಕೆ ಒಂದಕ್ಕಿಂತಲೂ ಕೆಳಗಿಳಿಯಿತು. ಬೇಡವೆಂದವರಿಗೆ ಕಂಪನಿ ಹಣ ಹಿಂತಿರುಗಿಸಿತು. ಹಣ ಬಂತು, ಹಳೆಯ ಗೇಮ್ ಮಾತ್ರ ಬರಲಿಲ್ಲ. ರಿಫೋರ್ಜ್ಡ್ ಕೊಳ್ಳದೆ ತಮ್ಮ ಹಳೆಯ ಪ್ರತಿಯಲ್ಲೇ ಆನ್‌ಲೈನ್ ಆಡುತ್ತಿದ್ದವರ ಕಂಪ್ಯೂಟರಿಗೂ ಹೊಸ ಕ್ಲೈಂಟ್, ಅಂದರೆ ಗೇಮ್ ಓಡಿಸುವ ಹೊಸ ಸಾಫ್ಟ್‌ವೇರ್, ಇಳಿಯಿತು. ಅದರ ಜೊತೆಗೆ ಹಳೆಯದರಲ್ಲಿದ್ದ ರ‍್ಯಾಂಕಿಂಗ್ ಪಟ್ಟಿ, ಕ್ಲ್ಯಾನ್‌ಗಳು (ಆಟಗಾರರ ತಂಡಗಳು), ಆಟಗಾರರೇ ಕಟ್ಟಿದ ಕ್ಯಾಂಪೇನ್‌ಗಳನ್ನು (ಕಥೆಯಾಗಿ ಸಾಗುವ ಆಟಗಳನ್ನು) ಆಡುವ ಸೌಲಭ್ಯ ಎಲ್ಲವೂ ಮಾಯವಾದವು. ಅವುಗಳಲ್ಲಿ ಹಲವು ಮರಳಿ ಬಂದದ್ದು ಎರಡು ವರ್ಷ ಕಳೆದ ಮೇಲೆ.

ಹಳೆಯದರ ಮೋಹ ಬಿಡದವರು ಹೀಗೆ ಗೋಳಾಡುವುದು ಸಹಜ ಎಂದು ಹೇಳುವವರಿದ್ದಾರೆ. ನನಗೆ ಆ ವಾದ ಒಪ್ಪಿಗೆಯಿಲ್ಲ. ಸ್ಟ್ರಾಟಜಿ ಗೇಮ್‌ಗಳ ರೀಮೇಕ್ ಎಲ್ಲೆಲ್ಲಿ ಸೋತಿದೆಯೋ ಅಲ್ಲೆಲ್ಲ ಒಂದೇ ಬಗೆಯ ತಪ್ಪು ಕಾಣಿಸುತ್ತದೆ. ಹೊಸದನ್ನು ಹಳೆಯದರ ಪಕ್ಕದಲ್ಲಿ ನಿಲ್ಲಿಸುವ ಬದಲು ಹಳೆಯದರ ಮೇಲೆಯೇ ಕಟ್ಟಿದ್ದಾರೆ. ಕಟ್ಟುವ ಮುಂಚೆ, ಆ ಗೇಮ್‌ನ ಯಾವ ಭಾಗ ಕಂಪನಿಯಲ್ಲಿ ಹುಟ್ಟಿತು, ಯಾವ ಭಾಗ ಆಡುವವರ ಕೈಯಲ್ಲಿ ಬೆಳೆಯಿತು ಎಂದು ವಿಚಾರಿಸಿಲ್ಲ. ಇದರ ಪೆಟ್ಟು ಬೆಂಗಳೂರಿನಂಥ ನಗರಕ್ಕಿಂತ ಬಳ್ಳಾರಿ, ರಾಯಚೂರು, ಕೊಪ್ಪಳದಂಥ ಊರುಗಳ ಆಟಗಾರರಿಗೇ ಜೋರಾಗಿ ಬಿದ್ದಿದೆ. ಅದು ಹೇಗೆಂದು ತಿಳಿಯಬೇಕಾದರೆ ಈ ಗೇಮ್‌ಗಳು ಇಲ್ಲಿ ಹೇಗೆ ಬದುಕಿದ್ದವು ಎಂಬುದನ್ನು ಮೊದಲು ನೋಡಬೇಕು.

ಎರಡು ಸಾವಿರದ ಆಚೀಚಿನ ವರ್ಷಗಳಲ್ಲಿ ಬಳ್ಳಾರಿಯ ರಾಯಲ್ ಸರ್ಕಲ್ ಸುತ್ತಮುತ್ತ, ರಾಯಚೂರಿನ ಸ್ಟೇಷನ್ ರೋಡಿನಲ್ಲಿ, ಕೊಪ್ಪಳದ ಬಸ್ ಸ್ಟ್ಯಾಂಡ್ ಹತ್ತಿರ ಸೈಬರ್ ಕೆಫೆಗಳು ಎದ್ದವು. ಮುಂದಿನ ಸಾಲಿನ ಸಿಸ್ಟಂಗಳು ರಿಸಲ್ಟ್ ನೋಡಲು, ಅರ್ಜಿ ತುಂಬಲು ಬಂದವರಿಗೆ; ಹಿಂದಿನ ಸಾಲು ಹುಡುಗರಿಗೆ. ಇಂಟರ್ನೆಟ್ ಸತ್ತಿದ್ದರೂ ಹಿಂದಿನ ಸಾಲಿಗೆ ಏನೂ ಆಗುತ್ತಿರಲಿಲ್ಲ. ಒಂದು ಸ್ವಿಚ್, ನಾಲ್ಕಾರು ಕೇಬಲ್ ಇದ್ದರೆ ಕೋಣೆಯ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಲ್ಯಾನ್ ಸಿದ್ಧ. 1999ರ ‘ಏಜ್ ಆಫ್ ಎಂಪೈರ್ಸ್ 2’ ಕೇಳುತ್ತಿದ್ದದ್ದು 166 ಮೆಗಾಹರ್ಟ್ಸ್‌ನ ಪೆಂಟಿಯಂ ಮತ್ತು 32 ಎಂಬಿ ರ‍್ಯಾಮ್. ಯಾವುದೋ ಆಫೀಸಿನಿಂದ ತೆಗೆದುಹಾಕಿದ ಕಂಪ್ಯೂಟರಿನಲ್ಲೂ ಅದು ಓಡುತ್ತಿತ್ತು. ಮೂಲ ಗೇಮ್‌ನ ಹದಿಮೂರು ನಾಗರಿಕತೆಗಳಲ್ಲಿ ಭಾರತದ ಒಂದೂ ಇರಲಿಲ್ಲ, ಆನೆ ಬೇಕೆಂದರೆ ಪರ್ಷಿಯನ್ಸ್ ತಗೊಳ್ಳಬೇಕು. ಹಾಗಾಗಿ ಪರ್ಷಿಯನ್ಸ್‌ಗೆ ಜಗಳ. “ಲೇ, ಆನಿ ಬಂದ್ವಲೇ, ಗೇಟ್ ಹಾಕು!” ಎಂಬ ಕೂಗು ಕೆಫೆಯ ಹೊರಗೂ ಕೇಳಿಸುತ್ತಿತ್ತು. ‘ಚೀಸ್ ಸ್ಟೇಕ್ ಜಿಮ್ಮೀಸ್’ ಎಂದು ಟೈಪ್ ಮಾಡಿದರೆ ಹತ್ತು ಸಾವಿರ ಆಹಾರ ಸಿಗುತ್ತದೆ ಎಂಬುದನ್ನು ಇಂಗ್ಲಿಷ್ ಸರಿಯಾಗಿ ಬಾರದ ಹುಡುಗರೂ ಕಾಗುಣಿತ ತಪ್ಪದೆ ಬಲ್ಲವರಾಗಿದ್ದರು. ಕರೆಂಟ್ ಹೋದರೆ ಒಂದು ತಾಸಿನ ಸಾಮ್ರಾಜ್ಯ ಹೋದಂತೆಯೇ. ಬೇಸಿಗೆಯಲ್ಲಿ ಇದು ದಿನಾ ನಡೆಯುವ ಮಾತು.

ಎಂಜಿನಿಯರಿಂಗ್ ಕಾಲೇಜುಗಳ ಹಾಸ್ಟೆಲ್‌ಗಳಲ್ಲಿ ವಾರ್‌ಕ್ರಾಫ್ಟ್ ರಾಜನಾಗಿತ್ತು, ಅದಕ್ಕೂ ಹೆಚ್ಚಾಗಿ ಅದರೊಳಗೆ ಹುಟ್ಟಿದ ‘ಡೋಟಾ’. ಅದರ ಕಥೆ ಮುಂದೆ ಬರುತ್ತದೆ.

ಇಲ್ಲಿ ಓಡಾಡಿದ ಸಿಡಿಗಳಲ್ಲಿ ಬಹುಪಾಲು ನಕಲು. ಇದನ್ನು ಮುಚ್ಚಿಟ್ಟು ಈ ವಿಷಯ ಮಾತಾಡಲು ಬರುವುದಿಲ್ಲ. ಮೂಲ ಸಿಡಿ ಇಲ್ಲಿನ ಅಂಗಡಿಗಳಲ್ಲಿ ಸಿಗುವುದೇ ಅಪರೂಪವಾಗಿತ್ತು, ಸಿಕ್ಕರೂ ಅದರ ಬೆಲೆ ವಿದ್ಯಾರ್ಥಿಯ ತಿಂಗಳ ಖರ್ಚನ್ನು ನುಂಗುವಂಥದ್ದು. ಪರಿಣಾಮವಾಗಿ ಕಂಪನಿಗಳ ಲೆಕ್ಕದ ಪುಸ್ತಕದಲ್ಲಿ ಈ ಮೂರು ಜಿಲ್ಲೆಗಳು ಎಂದೂ ಕಾಣಿಸಿಕೊಳ್ಳಲಿಲ್ಲ. ಹಳೆಯ ಗೇಮ್‌ನಲ್ಲಿ ಯಾವುದನ್ನು ಉಳಿಸಬೇಕು ಎಂದು ತೀರ್ಮಾನಿಸುವ ದಿನ ಬಂದಾಗ ಲ್ಯಾನ್ ಆಟದ ಪರವಾಗಿ ಮಾತಾಡುವ ಗ್ರಾಹಕ ಅವರಿಗೆ ಕಾಣಲಿಲ್ಲ. 2010ರಲ್ಲಿ ಬಂದ ‘ಸ್ಟಾರ್‌ಕ್ರಾಫ್ಟ್ 2’ರಲ್ಲಿ ಲ್ಯಾನ್ ಅನ್ನೇ ಕೈಬಿಟ್ಟರು. ಅದೇ ಕಂಪನಿಯ 1998ರ ಮೊದಲ ‘ಸ್ಟಾರ್‌ಕ್ರಾಫ್ಟ್’ನಲ್ಲಿ ‘ಸ್ಪಾನ್’ ಎಂಬ ವ್ಯವಸ್ಥೆ ಇತ್ತು: ಒಂದೇ ಸಿಡಿಯಿಂದ ಗೆಳೆಯರ ಕಂಪ್ಯೂಟರುಗಳಿಗೂ ಹಾಕಿ, ಎಂಟು ಜನ ಕಾನೂನುಬದ್ಧವಾಗಿಯೇ ಕೂಡಿ ಆಡಬಹುದಿತ್ತು. ಹನ್ನೆರಡು ವರ್ಷಗಳಲ್ಲಿ ಆ ಔದಾರ್ಯ ಪೂರ್ತಿ ಒಣಗಿಹೋಯಿತು.

ಈ ಸೀಮೆಯವರಿಗೆ ಇಂಥ ಗೇಮ್‌ಗಳು ಬೇಗ ಹತ್ತಿರವಾದದ್ದಕ್ಕೆ ನೆಲವೂ ಒಂದಿಷ್ಟು ಕಾರಣ ಎಂದು ನಾನು ನಂಬುತ್ತೇನೆ. ಕೃಷ್ಣಾ–ತುಂಗಭದ್ರೆಯ ನಡುವಿನ ದೋಆಬಿಗಾಗಿ ವಿಜಯನಗರದವರು ಮೊದಲು ಬಹಮನಿಗಳೊಂದಿಗೆ, ಆಮೇಲೆ ಬಿಜಾಪುರದವರೊಂದಿಗೆ ತಲೆಮಾರುಗಳ ಕಾಲ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಯನ್ನು ಮುತ್ತಿದಾಗ ಅವನ ಕಡೆ ಪೋರ್ಚುಗೀಸ್ ಬಂದೂಕುಗಾರರಿದ್ದರು, ಅದನ್ನು ಪೋರ್ಚುಗೀಸ್ ಪ್ರವಾಸಿ ನೂನಿಜ್ ಬರೆದಿಟ್ಟಿದ್ದಾನೆ. ನೀರು, ಗದ್ದೆ, ಹಟ್ಟಿಯ ಚಿನ್ನ, ಸಂಡೂರಿನ ಅದಿರು, ಬೆಟ್ಟಕ್ಕೊಂದು ಕೋಟೆ. ಮುದಗಲ್ಲಿನ ಹುಡುಗನಿಗೆ ಗೋಡೆ ಕಟ್ಟುವುದು, ಮುತ್ತಿಗೆ ಹಾಕುವುದು ಎಂದರೇನೆಂದು ಯಾರೂ ವಿವರಿಸಬೇಕಿಲ್ಲ.

ಇನ್ನು ಗೇಮ್‌ನ ಒಳಗೆ ಬರೋಣ. ರೀಮೇಕ್ ಎಲ್ಲಿ ಎಡವುತ್ತದೆ ಎಂಬುದು ಅಲ್ಲಿ ಸ್ಪಷ್ಟವಾಗುತ್ತದೆ.

ಹಳೆಯ ಸ್ಟ್ರಾಟಜಿ ಗೇಮ್‌ಗಳು ನೆಟ್‌ವರ್ಕಿನಲ್ಲಿ ಓಡುತ್ತಿದ್ದ ರೀತಿಯೇ ವಿಶೇಷ. ಎಂಟು ಜನ, ಒಬ್ಬೊಬ್ಬರಿಗೆ ಇನ್ನೂರು ಸೈನಿಕರು ಎಂದರೆ 1,600 ಗೊಂಬೆಗಳು. ಅಷ್ಟೂ ಎಲ್ಲಿವೆ, ಏನು ಮಾಡುತ್ತಿವೆ ಎಂದು ಕ್ಷಣಕ್ಷಣಕ್ಕೂ ಕಳಿಸಲು ಆ ಕಾಲದ 28.8 ಕೆಬಿಪಿಎಸ್ ಮೋಡೆಮ್‌ಗೆ ಸಾಧ್ಯವೇ ಇರಲಿಲ್ಲ. ಅದಕ್ಕಾಗಿ ‘ಏಜ್ ಆಫ್ ಎಂಪೈರ್ಸ್’ ತಯಾರಿಸಿದ ಎನ್‌ಸೆಂಬಲ್ ಸ್ಟುಡಿಯೋಸ್‌ನವರು ಸೈನಿಕರ ಸ್ಥಿತಿಯನ್ನು ಕಳಿಸುವ ಗೋಜಿಗೇ ಹೋಗಲಿಲ್ಲ. ಆಟಗಾರ ಕೊಟ್ಟ ಆಜ್ಞೆಯನ್ನಷ್ಟೇ ಕಳಿಸಿದರು. ‘ಈ ಐದು ಕುದುರೆ ಆ ಜಾಗಕ್ಕೆ’ ಎಂಬ ಒಂದು ಸಣ್ಣ ಸಂದೇಶ ಎಲ್ಲ ಕಂಪ್ಯೂಟರಿಗೂ ತಲುಪುತ್ತದೆ; ಆಮೇಲೆ ಪ್ರತಿ ಕಂಪ್ಯೂಟರೂ ತನ್ನೊಳಗೇ ಇಡೀ ಯುದ್ಧವನ್ನು ಲೆಕ್ಕ ಹಾಕುತ್ತದೆ. ಎಂಟೂ ಕಂಪ್ಯೂಟರುಗಳ ಲೆಕ್ಕ ಕೂದಲೆಳೆಯಷ್ಟೂ ತಪ್ಪದಂತೆ ಒಂದೇ ಆಗಿರಬೇಕು. ಒಂದರಲ್ಲಿ ಒಬ್ಬ ಬಿಲ್ಲುಗಾರ ಎಡಕ್ಕೆ ತಿರುಗಿ ಇನ್ನೊಂದರಲ್ಲಿ ಬಲಕ್ಕೆ ತಿರುಗಿದರೆ ‘ಔಟ್ ಆಫ್ ಸಿಂಕ್’ ಎಂದು ಆಟವೇ ನಿಂತುಹೋಗುತ್ತದೆ. ಆ ಸಂದೇಶ ನೋಡಿ ಕೀಬೋರ್ಡ್ ಗುದ್ದಿದವರು ಈ ಊರುಗಳಲ್ಲಿ ಬಹಳ ಜನ.

ಹೀಗಾಗಿ ಇಂಥ ಗೇಮ್‌ನ ಜೀವ ಇರುವುದು ಆ ಲೆಕ್ಕದಲ್ಲಿ. ಸೈನಿಕ ದಾರಿ ಹುಡುಕುವ ಬಗೆ, ತಿರುಗಲು ತಗೊಳ್ಳುವ ಸಮಯ, ಬಾಣ ಬಿಟ್ಟ ಮೇಲೆ ಮತ್ತೆ ನಡೆಯುವ ಮುಂಚಿನ ಆ ಚಿಕ್ಕ ವಿರಾಮ, ಇವೇ ಆಟ. ವರ್ಷಗಟ್ಟಲೆ ಆಡಿದವನ ಬೆರಳು ಅದಕ್ಕೆ ಒಗ್ಗಿರುತ್ತದೆ. ಹೊಸ ಎಂಜಿನ್‌ನಲ್ಲಿ (ಗೇಮ್ ಓಡಿಸುವ ಒಳಗಿನ ಸಾಫ್ಟ್‌ವೇರಿನಲ್ಲಿ) ಚಿತ್ರ ಎಷ್ಟೇ ಚೆಂದವಾಗಿರಲಿ, ಆ ಲೆಕ್ಕ ತುಸು ಬದಲಾದರೂ ಅದು ಬೇರೆ ಗೇಮ್. 2015ರ ‘ಹೋಮ್‌ವರ್ಲ್ಡ್ ರೀಮಾಸ್ಟರ್ಡ್’ನಲ್ಲಿ ಆದದ್ದು ಇದೇ. 1999ರ ಮೊದಲ ‘ಹೋಮ್‌ವರ್ಲ್ಡ್’ ಅನ್ನು ಅದರ ಎರಡನೇ ಭಾಗದ ಎಂಜಿನ್ ಮೇಲೆ ಕೂರಿಸಿದರು. ಹಡಗುಗಳು ವ್ಯೂಹ ಕಟ್ಟಿ ಹಾರುವ ರೀತಿ ಕೆಟ್ಟಿತು, ಸಣ್ಣ ವಿಮಾನಗಳ ಇಂಧನದ ನಿಯಮವೇ ಇಲ್ಲವಾಯಿತು. ವ್ಯೂಹಗಳನ್ನು ಮತ್ತೆ ಸರಿಪಡಿಸುವ ಪ್ಯಾಚ್ (ತಿದ್ದುಪಡಿ) ಬರಲು 2016 ಆಗಬೇಕಾಯಿತು. ನೋಡಿದವರೆಲ್ಲ ಹೊಗಳಿದರು, ಆಡಿ ಬಲ್ಲವರು ಬೇಸರಗೊಂಡರು.

ಹಾಗಾದರೆ ಏನನ್ನೂ ಮುಟ್ಟದೆ ಬಿಟ್ಟರೆ ಸರಿಯೇ? ಅದೂ ಇಲ್ಲ. 2018ರ ‘ಏಜ್ ಆಫ್ ಎಂಪೈರ್ಸ್: ಡೆಫಿನಿಟಿವ್ ಎಡಿಷನ್’ ಹೊಸ ಚಿತ್ರ ಹೊದ್ದು ಬಂದರೂ 1997ರ ಗೇಮ್‌ನ ದಾರಿ ಹುಡುಕುವ ತೊಂದರೆಗಳನ್ನು ಹಾಗೆಯೇ ಹೊತ್ತು ತಂದಿತು ಎಂದು ಬೈಸಿಕೊಂಡಿತು. ಸೈನಿಕರು ಒಬ್ಬರಿಗೊಬ್ಬರು ಅಡ್ಡ ನಿಂತು ಸಿಕ್ಕಿಬೀಳುವುದು 1997ರಲ್ಲಿ ಸಹ್ಯ, ಇಪ್ಪತ್ತು ವರ್ಷದ ಮೇಲೆ ಅಲ್ಲ. ಅತ್ತ ‘ಸ್ಟಾರ್‌ಕ್ರಾಫ್ಟ್’ನಲ್ಲಿ ಹಾರುವ ಮ್ಯುಟಲಿಸ್ಕ್ ಎಂಬ ಜೀವಿಗಳನ್ನು ಒಂದರ ಮೇಲೊಂದು ಪೇರಿಸಿ ಒಂದೇ ಚುಕ್ಕೆಯಂತೆ ಓಡಿಸುವುದು ಮೂಲತಃ ಎಂಜಿನ್‌ನ ಒಂದು ವಿಚಿತ್ರ ನಡತೆ. ಕೊರಿಯಾದ ಆಟಗಾರರು ಅದನ್ನು ಕಲೆಯಾಗಿ ಬೆಳೆಸಿದರು. ಎರಡೂ ದೋಷಗಳೇ. ಒಂದನ್ನು ತೆಗೆಯಬೇಕು, ಇನ್ನೊಂದನ್ನು ಮುಟ್ಟಬಾರದು. ಯಾವುದು ಯಾವುದೆಂದು ಹೇಳಬಲ್ಲವರು ಆಡಿ ಪಳಗಿದವರು ಮಾತ್ರ. 2017ರ ‘ಸ್ಟಾರ್‌ಕ್ರಾಫ್ಟ್: ರೀಮಾಸ್ಟರ್ಡ್’ ಗೆದ್ದದ್ದು ಈ ಕಾರಣಕ್ಕೆ. ಒಮ್ಮೆಗೆ ಹನ್ನೆರಡೇ ಸೈನಿಕರನ್ನು ಆರಿಸಬಹುದೆಂಬ ಹಳೆಯ ಮಿತಿಯನ್ನೂ ಅದು ಹಾಗೇ ಉಳಿಸಿಕೊಂಡಿತು. ಅದಕ್ಕೂ ಕೆಲವು ತಿಂಗಳು ಮುಂಚೆ ಮೂಲ ಗೇಮನ್ನು ಎಲ್ಲರಿಗೂ ಉಚಿತ ಮಾಡಿದರು. ಹಳೆಯದರಲ್ಲಿ ಆಡುವವನೂ ಹೊಸದನ್ನು ಕೊಂಡವನೂ ಒಂದೇ ಕಣದಲ್ಲಿ ಎದುರಾಗಬಹುದಿತ್ತು. ಈ ವಿವೇಕ ತೋರಿದ ಕಂಪನಿಯೇ ಮೂರು ವರ್ಷದೊಳಗೆ ರಿಫೋರ್ಜ್ಡ್ ಹೊರತಂದಿತು ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಚಿತ್ರದ ಬಗ್ಗೆಯೂ ಒಂದು ಮಾತು ಹೇಳಬೇಕು. ಸ್ಟ್ರಾಟಜಿ ಗೇಮ್‌ನಲ್ಲಿ ಚಿತ್ರವೇ ಮಾಹಿತಿ. ನೂರು ಗೊಂಬೆ ಒಟ್ಟಿಗೆ ನುಗ್ಗುವಾಗ ಯಾರು ಈಟಿಯವನು, ಯಾರು ಮಾಂತ್ರಿಕ ಎಂದು ಅರೆಕ್ಷಣದಲ್ಲಿ ಗುರುತಾಗಬೇಕು. 2002ರ ವಾರ್‌ಕ್ರಾಫ್ಟ್‌ನಲ್ಲಿ ಅದಕ್ಕೆಂದೇ ದಪ್ಪ ಭುಜ, ದೊಡ್ಡ ಕೈ, ಗಾಢ ಬಣ್ಣ ಕೊಟ್ಟಿದ್ದರು. ದೂರದಿಂದ ಬರೀ ಆಕಾರ ಕಂಡರೂ ಗೊತ್ತಾಗುತ್ತಿತ್ತು. ರಿಫೋರ್ಜ್ಡ್‌ನಲ್ಲಿ ಪ್ರತಿ ಕವಚಕ್ಕೂ ಸೂಕ್ಷ್ಮ ಕೆತ್ತನೆ ಬಂತು, ಮೈಕಟ್ಟು ಸಹಜವಾಯಿತು. ಹತ್ತಿರದಿಂದ ನೋಡಿದರೆ ಸುಂದರ. ಯುದ್ಧದ ಮಧ್ಯೆ ಎಲ್ಲವೂ ಒಂದೇ ಕಂದು ಗುಂಪಾಗಿ ಕಲಸಿಹೋಗುತ್ತಿತ್ತು.

ಇದಕ್ಕೆ ಕಲಾವಿದರನ್ನು ದೂರುವುದು ತಪ್ಪು. ರಿಫೋರ್ಜ್ಡ್‌ಗೆ ಚಿತ್ರಕೆಲಸ ಮಾಡಿಕೊಟ್ಟವರಲ್ಲಿ ಮಲೇಷ್ಯಾದ ಲೆಮನ್ ಸ್ಕೈ ಸ್ಟುಡಿಯೋಸ್ ಮುಖ್ಯ. ಅದೇ ಸಂಸ್ಥೆ ‘ಸ್ಟಾರ್‌ಕ್ರಾಫ್ಟ್: ರೀಮಾಸ್ಟರ್ಡ್’ಗೂ ಕೆಲಸ ಮಾಡಿತ್ತು. ರಿಫೋರ್ಜ್ಡ್ ಬಂದು ನಾಲ್ಕು ತಿಂಗಳ ಮೇಲೆ, 2020ರ ಜೂನ್ 5ರಂದು ಬಂದ ‘ಕಮಾಂಡ್ ಅಂಡ್ ಕಾಂಕರ್ ರೀಮಾಸ್ಟರ್ಡ್ ಕಲೆಕ್ಷನ್’ಗೂ ಅದೇ ಸಂಸ್ಥೆ. ಇದನ್ನು ಜನ ತಲೆಯ ಮೇಲೆ ಹೊತ್ತುಕೊಂಡರು, ರಿಫೋರ್ಜ್ಡ್ ಅನ್ನು ಕೆಳಗೆ ಹಾಕಿದರು. ಹೀಗಾಗಿ ವ್ಯತ್ಯಾಸವನ್ನು ಬೇರೆ ಕಡೆ ಹುಡುಕಬೇಕಾಗುತ್ತದೆ. ಬ್ಲೂಂಬರ್ಗ್ ಸುದ್ದಿಸಂಸ್ಥೆ 2021ರ ಜುಲೈನಲ್ಲಿ ಮಾಡಿದ ವರದಿಯ ಪ್ರಕಾರ, ರಿಫೋರ್ಜ್ಡ್‌ಗೆ ಕಂಪನಿಯೊಳಗೆ ಹಣ ಕಡಿತವಾಗಿತ್ತು, ಕೆಲಸದ ವ್ಯಾಪ್ತಿಯನ್ನು ಕುಗ್ಗಿಸಲಾಗಿತ್ತು. ಜನರಿಂದ ಮುಂಗಡ ಹಣ ಪಡೆದಾಗಿತ್ತು, ಹಾಗಾಗಿ ಅರೆಬೆಂದದ್ದನ್ನೇ ಬಡಿಸಿದರು. ನಾಲ್ಕು ತಾಸಿಗೂ ಮೀರಿದ ಕಥಾದೃಶ್ಯಗಳನ್ನು ಹೊಸದಾಗಿ ಮಾಡುತ್ತೇವೆ ಎಂದಿದ್ದ ಮಾತು ಕೊನೆಗೆ ಹಳೆಯ ಕ್ಯಾಮೆರಾ ಕೋನಗಳಲ್ಲೇ ಮುಗಿಯಿತು.

‘ಕಮಾಂಡ್ ಅಂಡ್ ಕಾಂಕರ್’ ಕಡೆ ನಡೆದದ್ದು ಬೇರೆ. ಮೊದಲು ಅಲ್ಲೂ ಅಸಮಾಧಾನವೇ. 2018ರ ಜೂನ್‌ನಲ್ಲಿ ಇಎ ಕಂಪನಿ ಆ ಹೆಸರಿನಲ್ಲಿ ಒಂದು ಮೊಬೈಲ್ ಗೇಮ್ ತೋರಿಸಿ ಹಳೆಯ ಆಟಗಾರರಿಂದ ಬೈಸಿಕೊಂಡಿತು. ಅದಾದ ಕೆಲವೇ ತಿಂಗಳಲ್ಲಿ ರೀಮಾಸ್ಟರ್ ಘೋಷಣೆಯಾಯಿತು. ಕೆಲಸ ಹೋದದ್ದು ಪೆಟ್ರೋಗ್ಲಿಫ್ ಎಂಬ ಸಂಸ್ಥೆಗೆ. ಮೂಲ ಗೇಮ್ ಮಾಡಿದ ವೆಸ್ಟ್‌ವುಡ್ ಸ್ಟುಡಿಯೋಸ್ 2003ರಲ್ಲಿ ಮುಚ್ಚಿದಾಗ ಅಲ್ಲಿಂದ ಹೊರಬಂದವರೇ ಕಟ್ಟಿದ ಸಂಸ್ಥೆ ಅದು. ಸಂಗೀತಕ್ಕೆ ಮೂಲ ಸಂಯೋಜಕ ಫ್ರಾಂಕ್ ಕ್ಲೆಪಾಕಿ ಬಂದರು. ಹಳೆಯ ಆಟಗಾರರ ಒಂದು ಸಲಹಾ ಮಂಡಳಿ ಮಾಡಿ ಕೆಲಸದುದ್ದಕ್ಕೂ ಅವರನ್ನು ಕೇಳಿದರು. ಒಬ್ಬರೇ ಆಡುವಾಗ ಸ್ಪೇಸ್ ಬಾರ್ ಒತ್ತಿದರೆ ಸಾಕು, 1995ರ ಚಿತ್ರ ಮತ್ತು 2020ರ ಚಿತ್ರ ಅದಲುಬದಲಾಗುತ್ತವೆ. ಆಟ ನಿಲ್ಲುವುದಿಲ್ಲ, ಒಳಗಿನ ಲೆಕ್ಕ ಒಂದೇ. ಹಳೆಯದು ಹೊಸದರ ಅಡಿಯಲ್ಲಿ ಜೀವಂತವಾಗಿ ಓಡುತ್ತಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಜೊತೆಗೆ ಗೇಮ್ ತರ್ಕದ ಕೋಡ್ ಅನ್ನೂ ಯಾರು ಬೇಕಾದರೂ ಓದಿ ತಿದ್ದಬಹುದಾದ ಜಿಪಿಎಲ್ ಪರವಾನಗಿಯಲ್ಲಿ ತೆರೆದಿಟ್ಟರು.

ಇಲ್ಲಿನ ಹೆಚ್ಚಿನವರಿಗೆ ಹತ್ತಿರದ ಉದಾಹರಣೆ ‘ಏಜ್ ಆಫ್ ಎಂಪೈರ್ಸ್ 2: ಡೆಫಿನಿಟಿವ್ ಎಡಿಷನ್’. 2019ರ ನವೆಂಬರ್‌ನಲ್ಲಿ ಬಂದ ಇದನ್ನು ಕಟ್ಟಿದ ಫರ್ಗಾಟನ್ ಎಂಪೈರ್ಸ್ ತಂಡ ಒಂದು ಕಾಲಕ್ಕೆ ಇದೇ ಗೇಮ್‌ಗೆ ಮಾಡ್ (ಆಟಗಾರರೇ ಮಾಡುವ ಮಾರ್ಪಾಡು) ಮಾಡುತ್ತಿದ್ದ ಅಭಿಮಾನಿಗಳ ಗುಂಪು. ಜಗತ್ತಿನಲ್ಲಿ ಗೆದ್ದ ರೀಮೇಕ್‌ಗಳ ಸಾಲಿನಲ್ಲಿ ಇದು ಮೊದಲು ಬರುತ್ತದೆ, ಆ ಹೊಗಳಿಕೆ ನ್ಯಾಯವಾದದ್ದು. 1999ರಲ್ಲಿ ನಮಗೆ ಸಿಗದೇ ಇದ್ದದ್ದನ್ನೂ ಅದು ಕೊಟ್ಟಿತು. 2022ರ ಏಪ್ರಿಲ್‌ನಲ್ಲಿ ಬಂದ ‘ಡೈನಾಸ್ಟೀಸ್ ಆಫ್ ಇಂಡಿಯಾ’ ಡಿಎಲ್‌ಸಿ (ಗೇಮ್‌ಗೆ ಆಮೇಲೆ ಸೇರಿಸುವ ಭಾಗ) ಹಿಂದಿನ ‘ಇಂಡಿಯನ್ಸ್’ ಎಂಬ ಒಂದೇ ಗುಂಪನ್ನು ಒಡೆದು ಬೆಂಗಾಲೀಸ್, ಗುರ್ಜರಾಸ್, ಹಿಂದೂಸ್ತಾನೀಸ್, ದ್ರಾವಿಡಿಯನ್ಸ್ ಎಂದು ನಾಲ್ಕು ಮಾಡಿತು. ದ್ರಾವಿಡಿಯನ್ಸ್‌ಗೆ ಉರುಮಿ ಎಂಬ ಬಳುಕುವ ಕತ್ತಿ ಹಿಡಿದ ಯೋಧರಿದ್ದಾರೆ. ‘ವೂಟ್ಜ್ ಸ್ಟೀಲ್’ ಎಂಬ ವಿದ್ಯೆ ಇದೆ. ಅದನ್ನು ಸಾಧಿಸಿದರೆ ಕಾಲಾಳು, ಕುದುರೆಗಳ ಹೊಡೆತ ಶತ್ರುವಿನ ಕವಚವನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ತೋರಣಗಲ್ಲಿನ ಉಕ್ಕಿನ ಕುಲುಮೆಗಳ ಬೆಳಕು ರಾತ್ರಿ ಕಾಣುವ ಊರಿನಲ್ಲಿ ಕೂತು ದಕ್ಷಿಣದ ಉಕ್ಕಿಗೆ ಇಷ್ಟು ಗೌರವ ಸಿಕ್ಕಿದ್ದನ್ನು ನೋಡಿದಾಗ ಎದೆ ತುಂಬುತ್ತದೆ. ವಿಜಯನಗರಕ್ಕೆ ಪ್ರತ್ಯೇಕ ಸ್ಥಾನ ಇಲ್ಲ, ಅದು ದಕ್ಷಿಣದ ಒಟ್ಟು ಮೂಟೆಯಲ್ಲಿ ಸೇರಿಹೋಗಿದೆ. ಆ ಕೊರಗು ಬೇರೆ.

ಆದರೆ ಈ ಗೆದ್ದ ಗೇಮ್‌ ನಮ್ಮ ಊರುಗಳಲ್ಲಿ ಎಷ್ಟು ಜನರ ಮನೆ ಸೇರಿತು? ಕನಿಷ್ಠ 4 ಜಿಬಿ ರ‍್ಯಾಮ್, ವಿಂಡೋಸ್ 10, 30 ಜಿಬಿ ಜಾಗ ಬೇಕು. ದಿನಕ್ಕೆ ಒಂದೂವರೆ ಜಿಬಿ ಕೊಡುವ ಮೊಬೈಲ್ ಪ್ಯಾಕ್‌ನ ಹಾಟ್‌ಸ್ಪಾಟ್ ಹಚ್ಚಿಕೊಂಡು ಕೂತವನಿಗೆ 30 ಜಿಬಿ ಇಳಿಸಲು, ಬೇರೆ ಏನನ್ನೂ ನೋಡದಿದ್ದರೂ, ಇಪ್ಪತ್ತು ದಿನ ಬೇಕು. ಸಿಂಧನೂರು, ಕನಕಗಿರಿ, ಸಿರುಗುಪ್ಪದ ಕಡೆ ಅದೇ ವಾಸ್ತವ. ಇಷ್ಟಾದ ಮೇಲೂ ಬಿಡುಗಡೆಯ ಕಾಲದಲ್ಲಿ ಕೂಡಿ ಆಡಲು ಎಕ್ಸ್‌ಬಾಕ್ಸ್ ಲೈವ್ ಖಾತೆ, ಅಂದರೆ ಇಂಟರ್ನೆಟ್, ಬೇಕೇ ಬೇಕಿತ್ತು. ಒಂದೇ ಕೋಣೆಯಲ್ಲಿ ಮೊಣಕೈ ತಾಗಿಸಿ ಕೂತ ನಾಲ್ವರು ಮೊದಲು ಹೊರದೇಶದ ಸರ್ವರ್‌ಗೆ ತಮ್ಮ ಪರಿಚಯ ಹೇಳಿಕೊಳ್ಳಬೇಕಿತ್ತು. ನಾಲ್ವರೂ ಬೇರೆಬೇರೆಯಾಗಿ ಗೇಮ್ ಕೊಂಡಿರಬೇಕು. ಸೈಬರ್ ಕೆಫೆ ಇದ್ದಿದ್ದರೂ ಈ ಲೆಕ್ಕ ಅದಕ್ಕೆ ಹೊಂದುತ್ತಿರಲಿಲ್ಲ. ಕೆಫೆಗಳಂತೂ ಫೋನ್ ಬಂದ ಮೇಲೆ ಜೆರಾಕ್ಸ್ ಅಂಗಡಿ, ಆನ್‌ಲೈನ್ ಅರ್ಜಿ ಕೇಂದ್ರಗಳಾಗಿ ಬದಲಾಗಿವೆ.

ಇನ್ನೊಂದು ತೊಡಕು ನಿಧಾನವಾಗಿ ಅರಿವಿಗೆ ಬರುವಂಥದ್ದು. ಈಗಿನ ರೀಮೇಕ್ ಒಂದು ಕಡೆ ನಿಲ್ಲುವುದಿಲ್ಲ. ಪ್ಯಾಚ್ ಬಂದಾಗಲೆಲ್ಲ ಯಾವುದೋ ಸೈನಿಕನ ಬೆಲೆ, ಬಲ ಬದಲಾಗುತ್ತದೆ. 2025ರ ಮೇ ತಿಂಗಳಲ್ಲಿ ಇದೇ ಗೇಮ್‌ಗೆ ಚೀನಾದ ಮೂರು ರಾಜ್ಯಗಳ ಕಾಲದ ಡಿಎಲ್‌ಸಿ ಬಂದಾಗ ಹಳಬರು ಸಿಟ್ಟಾದರು. ಮಧ್ಯಯುಗದ ಜನಾಂಗಗಳ ಗೇಮ್‌ಗೆ ಅದಕ್ಕೂ ಹಿಂದಿನ ರಾಜಕೀಯ ಬಣಗಳನ್ನು ತಂದು, ರ‍್ಯಾಂಕ್ ಪಂದ್ಯಗಳಲ್ಲೂ ‘ಹೀರೋ’ಗಳನ್ನು ಇಳಿಸಿದ್ದು ಅವರಿಗೆ ಸರಿಬರಲಿಲ್ಲ. ನನಗೂ ಸರಿಬರಲಿಲ್ಲ. ಸಿಡಿ ಕಾಲದಲ್ಲಿ ಇಂಥ ಬದಲಾವಣೆ ಬೇಡವೆಂದರೆ ಹಾಕಿಕೊಳ್ಳದೆ ಇರಬಹುದಿತ್ತು. ಆನ್‌ಲೈನ್ ಖಾತೆಯಲ್ಲಿರುವ ಗೇಮ್‌ಗೆ ಹಾಗೆ ಹೇಳುವಂತಿಲ್ಲ.

ಹಂಪಿಯ ಕಲ್ಲಿನ ರಥವನ್ನು ನೋಡದವರು ಈ ಕಡೆ ಯಾರೂ ಇಲ್ಲ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಫೋಟೋದಲ್ಲಿ ಆ ರಥದ ಮೇಲೆ ಇಟ್ಟಿಗೆಯ ಶಿಖರ ಇದೆ. ಈಗ ಇಲ್ಲ. ಆ ಫೋಟೋ ಇಲ್ಲದಿದ್ದರೆ ಶಿಖರ ಹೇಗಿತ್ತೆಂದು ನಮಗೆ ತಿಳಿಯುತ್ತಿರಲಿಲ್ಲ, ಈಗಿರುವುದೇ ಪೂರ್ಣ ಎಂದುಕೊಳ್ಳುತ್ತಿದ್ದೆವು. ಹಳೆಯ ಗೇಮ್‌ಗಳ ವಿಷಯದಲ್ಲೂ ಮೂಲ ಪ್ರತಿ ಪಕ್ಕದಲ್ಲಿ ಇದ್ದರೆ ಮಾತ್ರ ಹೊಸದು ಏನನ್ನು ಉಳಿಸಿತು, ಏನನ್ನು ಕಿತ್ತಿತು ಎಂದು ಅಳೆಯಬಹುದು. 2024ರ ನವೆಂಬರ್ 13ರಂದು ಬ್ಲಿಜಾರ್ಡ್ ‘ವಾರ್‌ಕ್ರಾಫ್ಟ್’ನ ಮೊದಲೆರಡು ಭಾಗಗಳ ರೀಮಾಸ್ಟರ್ ತಂದು, ರಿಫೋರ್ಜ್ಡ್‌ಗೂ ಒಂದು ದೊಡ್ಡ ತಿದ್ದುಪಡಿ ಕೊಟ್ಟಿತು. ಸಂತೋಷದ ಸುದ್ದಿಯೇ. ಮರುತಿಂಗಳೇ, ಡಿಸೆಂಬರ್ 13ರಂದು, ಆ ಎರಡು ಗೇಮ್‌ಗಳ ಮೂಲ ಆವೃತ್ತಿಗಳನ್ನು ಜಿಒಜಿ ಎಂಬ ಆನ್‌ಲೈನ್ ಗೇಮ್ ಅಂಗಡಿಯ ಮಾರಾಟದಿಂದ ತೆಗೆಸಿತು. 1994, 1995ರ ಆ ಮೂಲ ಗೇಮ್‌ಗಳನ್ನು ಮೊದಲೇ ಕೊಂಡವರಿಗೆ ಮುಂದೆಯೂ ನಡೆಯುವಂತೆ ನೋಡಿಕೊಳ್ಳುತ್ತೇವೆ ಎಂದು ಜಿಒಜಿ ಹೇಳಿತು, ಆ ಅಂಗಡಿಗೆ ಕೃತಜ್ಞತೆ ಸಲ್ಲಬೇಕು. ಹೊಸದಾಗಿ ಕೊಳ್ಳಬೇಕೆನ್ನುವವನಿಗೆ ಮಾತ್ರ ಬಾಗಿಲು ಮುಚ್ಚಿತು.

ಈಗ ಡೋಟಾದ ಕಥೆ. ವಾರ್‌ಕ್ರಾಫ್ಟ್ 3ರ ಜೊತೆ ಬಂದ ವರ್ಲ್ಡ್ ಎಡಿಟರ್ ಎಂಬ ನಕ್ಷೆ ಕಟ್ಟುವ ಸಾಧನ ಬಳಸಿ ಆಟಗಾರರೇ ಕಟ್ಟಿದ ನಕ್ಷೆ ‘ಡಿಫೆನ್ಸ್ ಆಫ್ ದಿ ಏನ್ಷಂಟ್ಸ್’. ಬಳ್ಳಾರಿಯ ಹಾಸ್ಟೆಲ್‌ಗಳಲ್ಲಿ ರಾತ್ರಿಯಿಡೀ ನಡೆಯುತ್ತಿದ್ದದ್ದು ಕಂಪನಿ ಕೊಟ್ಟ ಮೂಲ ಆಟಕ್ಕಿಂತ ಇದೇ ಹೆಚ್ಚು. ಆ ಹೆಸರಿನ ಮೇಲೆ ‘ಡೋಟಾ 2’ ಬಂದದ್ದು ಬೇರೆ ಕಂಪನಿಯಿಂದ, ವಾಲ್ವ್‌ನಿಂದ, 2013ರಲ್ಲಿ. ರಿಫೋರ್ಜ್ಡ್ ಹೊತ್ತಿಗೆ ಬ್ಲಿಜಾರ್ಡ್ ತನ್ನ ನಿಯಮ ಬಿಗಿ ಮಾಡಿತು: ಅದರ ಎಡಿಟರ್‌ನಲ್ಲಿ ಯಾರೇ ಏನೇ ಹೊಸ ಆಟ ಕಟ್ಟಿದರೂ ಅದು ಪೂರ್ತಿಯಾಗಿ ಕಂಪನಿಯ ಸ್ವತ್ತು. ವ್ಯಾಪಾರದ ದೃಷ್ಟಿಯಿಂದ ಅವರ ಭಯ ಅರ್ಥವಾಗುತ್ತದೆ. ಆದರೆ ಆ ಗೇಮ್ ಹದಿನೆಂಟು ವರ್ಷ ಬಾಳಿದ್ದೇ ಹಾಗೆ ಬಿಟ್ಟುಕೊಟ್ಟಿದ್ದರಿಂದ. ಯಾವ ಹುಡುಗ ತನ್ನ ರಾತ್ರಿಗಳನ್ನು ಸುರಿದು ನಕ್ಷೆ ಕಟ್ಟಿ, ಕಂಪನಿಗೆ ಬರೆದುಕೊಟ್ಟಾನು? ರಿಫೋರ್ಜ್ಡ್ ಕಳೆದುಕೊಂಡ ರ‍್ಯಾಂಕಿಂಗ್ ವ್ಯವಸ್ಥೆಯನ್ನು ‘ಡಬ್ಲ್ಯೂ3 ಚಾಂಪಿಯನ್ಸ್’ ಎಂಬ ಹೆಸರಿನಲ್ಲಿ ಮತ್ತೆ ಕಟ್ಟಿದವರೂ ಅಭಿಮಾನಿಗಳೇ.

ಕಾನೂನಿನ ಕಡೆ ಈಗಷ್ಟೇ ಚಲನೆ ಶುರುವಾಗಿದೆ. ಯೂಬಿಸಾಫ್ಟ್ ಕಂಪನಿ ‘ದಿ ಕ್ರೂ’ ಎಂಬ ರೇಸಿಂಗ್ ಗೇಮ್‌ನ ಸರ್ವರ್ ಮುಚ್ಚಿ, ಕೊಂಡವರೂ ಆಡದಂತೆ ಮಾಡಿದ ಮೇಲೆ 2024ರ ಏಪ್ರಿಲ್‌ನಲ್ಲಿ ಯೂಟ್ಯೂಬರ್ ರಾಸ್ ಸ್ಕಾಟ್ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಅಭಿಯಾನ ಆರಂಭಿಸಿದರು. ಅದರ ಭಾಗವಾದ ಯುರೋಪಿನ ನಾಗರಿಕ ಮನವಿಗೆ 2025ರ ಜುಲೈ ಹೊತ್ತಿಗೆ 10 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಜಾರಿಯಾದ ಕಾನೂನಿನ ಪ್ರಕಾರ, ಡಿಜಿಟಲ್ ಅಂಗಡಿಯು ನೀವು ಕೊಳ್ಳುತ್ತಿರುವುದು ಬರೀ ಬಳಕೆಯ ಪರವಾನಗಿ ಎಂದು ಮುಚ್ಚುಮರೆಯಿಲ್ಲದೆ ತಿಳಿಸಬೇಕು. ನಮ್ಮಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದಾರಿತಪ್ಪಿಸುವ ಜಾಹೀರಾತನ್ನು ತಡೆಯುತ್ತದೆ. ರಿಫೋರ್ಜ್ಡ್‌ನ ಬೆಲೆ 29.99 ಡಾಲರ್, ಅಂದಿನ ದರದಲ್ಲಿ ಎರಡು ಸಾವಿರ ರೂಪಾಯಿಗೂ ಮೇಲೆ. ತೋರಿಸಿದ್ದು ಒಂದು, ಕೊಟ್ಟದ್ದು ಇನ್ನೊಂದು ಎಂಬ ದೂರಿಗೆ ಜಾಗ ಇಲ್ಲೂ ಇರಬೇಕು, ಗೇಮ್ ಎಂದ ಮಾತ್ರಕ್ಕೆ ಅದು ಹುಡುಗಾಟದ ದೂರು ಆಗುವುದಿಲ್ಲ.

ಕಾನೂನಿಗಿಂತ ಹೆಚ್ಚು ಭರವಸೆ ನನಗಿರುವುದು ತೆರೆದ ಕೋಡ್ ಮೇಲೆ. ಅದಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 1999ರ ‘ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ 3’ ಇದೆ. 2015ರಲ್ಲಿ ಅದರ ಎಚ್‌ಡಿ ಆವೃತ್ತಿ ಬಂದಾಗ ಎರಡು ವಿಸ್ತರಣಾ ಭಾಗಗಳು ಅದರಲ್ಲಿ ಇರಲೇ ಇಲ್ಲ, ಯಾಕೆಂದರೆ ಅವುಗಳ ಮೂಲ ಕೋಡ್ ಕಳೆದುಹೋಗಿತ್ತು. ಕೋಟಿಗಟ್ಟಲೆ ವಹಿವಾಟಿನ ಕಂಪನಿಯ ಹತ್ತಿರ ಇಲ್ಲದ್ದು ಅಭಿಮಾನಿಗಳ ಸಿಡಿಗಳಲ್ಲಿ ಮಾತ್ರ ಉಳಿದಿತ್ತು. ಅವರು ಕಟ್ಟಿದ ‘ಹಾರ್ನ್ ಆಫ್ ದಿ ಅಬಿಸ್’ ಇಂದಿಗೂ ಅಧಿಕೃತ ಆವೃತ್ತಿಗಿಂತ ಹೆಚ್ಚು ಪ್ರೀತಿ ಪಡೆಯುತ್ತಿದೆ. ಇದಕ್ಕೆ ವಿರುದ್ಧವಾಗಿ ಇಎ ಕಂಪನಿ 2025ರ ಫೆಬ್ರವರಿಯಲ್ಲಿ ‘ಜನರಲ್ಸ್’ ಸೇರಿದಂತೆ ಕಮಾಂಡ್ ಅಂಡ್ ಕಾಂಕರ್ ಸರಣಿಯ ಹಲವು ಗೇಮ್‌ಗಳ ಕೋಡ್ ಬಿಟ್ಟುಕೊಟ್ಟಿತು. ಅದನ್ನು ಇಳಿಸಿ ಓದಲು, ತಿದ್ದಲು, ಈಗಿನ ವಿಂಡೋಸ್‌ಗೆ ಹೊಂದಿಸಲು ಬಳ್ಳಾರಿಯ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗೆ ಯಾರ ಅಪ್ಪಣೆಯೂ ಬೇಡ.

ರೀಮೇಕ್‌ಗಾಗಿ ಕಾದು ಸುಸ್ತಾದವರಿಗೆ ‘ಝೀರೋ ಎ.ಡಿ.’ಯನ್ನು ತೋರಿಸುತ್ತೇನೆ. ‘ಏಜ್ ಆಫ್ ಎಂಪೈರ್ಸ್ 2’ಕ್ಕೆ ಮಾಡ್ ಮಾಡಲು ಹೊರಟ ಸ್ವಯಂಸೇವಕರು ಕೊನೆಗೆ ತಮ್ಮದೇ ಸ್ವತಂತ್ರ ಗೇಮ್ ಕಟ್ಟಿದರು. ಅದಕ್ಕೆ ಬೆಲೆ ಇಲ್ಲ, ಖಾತೆ ತೆರೆಯಬೇಕಿಲ್ಲ. ಒಬ್ಬರು ಇಳಿಸಿ ಪೆನ್‌ಡ್ರೈವ್‌ನಲ್ಲಿ ಹಾಕಿ ಕೊಟ್ಟರೆ ಲ್ಯಾಬಿನ ಎಲ್ಲ ಕಂಪ್ಯೂಟರುಗಳಲ್ಲಿ ಇಂಟರ್ನೆಟ್ ಇಲ್ಲದೆ ಲ್ಯಾನ್‌ನಲ್ಲಿ ಆಡಬಹುದು, ಹಾಗೆ ಹಂಚಲು ಅದರ ಪರವಾನಗಿಯೇ ಅವಕಾಶ ಕೊಡುತ್ತದೆ. ಅದರಲ್ಲಿ ಮೌರ್ಯರಿದ್ದಾರೆ, ಆನೆಗಳಿವೆ, ಅಶೋಕನ ಸ್ತಂಭ ನಿಲ್ಲಿಸಬಹುದು. ಅಶೋಕನ ಶಾಸನಗಳು ನಮ್ಮ ಮೂರೂ ಜಿಲ್ಲೆಗಳಲ್ಲಿವೆ: ರಾಯಚೂರಿನ ಮಸ್ಕಿ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ಬಳ್ಳಾರಿಯ ನಿಟ್ಟೂರು ಮತ್ತು ಉದೇಗೋಳ. ಗೇಮ್ ಜೊತೆಗೇ ‘ಅಟ್ಲಾಸ್’ ಎಂಬ ನಕ್ಷೆ ಎಡಿಟರ್ ಬರುತ್ತದೆ. ಎರಡು ನದಿ ಎಳೆದು, ನಡುವೆ ಹಟ್ಟಿಯ ಚಿನ್ನ ಇಟ್ಟು, ಮಸ್ಕಿಯಿಂದ ಕೊಪ್ಪಳದವರೆಗಿನ ದೋಆಬನ್ನು ಅದರಲ್ಲಿ ಕಟ್ಟಬಹುದು. ಕಟ್ಟಿದ ನಕ್ಷೆ ಕಟ್ಟಿದವರ ಹೆಸರಿನಲ್ಲೇ ಇರುತ್ತದೆ.